ಹಿಮೋಗ್ಲೋಬಿನ್ ಪಾಸ್, ಉಗ್ರಾಣ ಖಾಲಿ

ರಕ್ತದಾನಿಗಳ ಸನ್ಮಾನದ ಮೀಟಿಂಗಿಗೆ ಬರ್ಲಿಕ್ಕೆ ಆಗದವರು ವಾಟ್ಸಾಪಲ್ಲಿ ಕೇಳ್ತಾನೇ ಇದ್ದಾರೆ, ಅವತ್ತು ನೀವು ಎಂತ ಹೇಳಿದ್ದು, ಶಾಲು ಯಾಕೆ ಬೇಡ ಅಂದದ್ದು ಅಂತ. ಒಬ್ಬೊಬ್ಬರಿಗೇ ವಾಯ್ಸ್ ಮೆಸೇಜ್ ಕಳಿಸಿ ಸಾಕಾಯ್ತು. ಹಾಗಾಗಿ ಡೊಂಬಿವಲಿ ಹಾಲಲ್ಲಿ ಮಾತಾಡಿದ್ದನ್ನ ನೆನಪಿದ್ದಷ್ಟು ಬರೆದು ಹಾಕಿದ್ದೇನೆ. ಮಾತಾಡಿದ ಹಾಗೇ ಉಂಟು, ತಿದ್ದಲಿಕ್ಕೆ ಹೋಗಲಿಲ್ಲ, ಕೊನೆಗೆ ಕೇಳಿದ ಪ್ರಶ್ನೆಗಳೂ ಉಂಟು.

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಹೊಡೀತಾ ಉಂಟು, ಕುರ್ಲಾದಲ್ಲಿ ನೀರು ನಿಂತ್ರೆ ವಾಪಸ್ ಹೋಗೋರಿಗೆ ಕಷ್ಟ, ಹಾಗಾಗಿ ನಾನು ಸುತ್ತಿ ಬಳಸಿ ಮಾತಾಡೋದಿಲ್ಲ ಅಂತ ಸೆಕ್ರೆಟರಿಯವರಿಗೆ ಮಾತು ಕೊಟ್ಟಿದ್ದೇನೆ, ಆದ್ರೆ ಮೈಕ್ ಸಿಕ್ಕಿದ ಮೇಲೆ ನಮ್ಮ ಊರಿನವರು ಯಾರು ತಾನೇ ಮಾತು ಉಳಿಸಿಕೊಂಡಿದ್ದಾರೆ.

ಮೊದಲೇ ಹೇಳಿಬಿಡ್ತೇನೆ, ನಾನು ಡಾಕ್ಟ್ರಲ್ಲ. ಲ್ಯಾಬ್ ಟೆಕ್ನಿಶಿಯನ್, ಇಪ್ಪತ್ತೆರಡು ವರ್ಷ ಆಯ್ತು ಮುಂಬಯಿಯಲ್ಲಿ ಬೇರೆಯವರ ರಕ್ತ ನೋಡ್ತಾ. ಈ ಸಲ ಶಿಬಿರದಲ್ಲಿ ಜಾಸ್ತಿ ಸಲ ರಕ್ತ ಕೊಟ್ಟವರಿಗೆ ಸನ್ಮಾನ ಅಂತ ಹೇಳಿ ನನ್ನ ಹೆಸರು ಮೊದಲಿಗೆ ಹಾಕಿದ್ದಾರೆ, ಎರಡು ಮಾತಾಡಿ, ನಾಲ್ಕು ಜನರಿಗೆ ಸ್ಫೂರ್ತಿ ಬರ್ತದೆ ಅಂದ್ರು. ನಾನು ಮಾತಾಡ್ತೇನೆ, ಶಾಲು ಮಾತ್ರ ಈಗ ಬೇಡ ಅಂದೆ. ಯಾಕೆ ಅಂತ ಹೇಳ್ಲಿಕ್ಕೇ ಇವತ್ತು ಬಂದದ್ದು.

ಹೋದ ಎರಡು ವರ್ಷದಲ್ಲಿ ನಾನು 31 ಸಲ ಪ್ಲೇಟ್ಲೆಟ್, ಅಂದ್ರೆ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ, ಕೊಟ್ಟಿದ್ದೇನೆ, ನಾಲ್ಕು ಸಲ ಇಡೀ ರಕ್ತ. ಶುರುವಾದದ್ದು ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗನಿಗೆ ಡೆಂಗ್ಯೂ ಆದಾಗ. ಆಮೇಲೆ ಯಾರೋ ನನ್ನ ನಂಬರನ್ನ ಒಂದು ಗ್ರೂಪಿಗೆ ಹಾಕಿದ್ರು, ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಊರಿಂದ ಬಂದ ನಮ್ಮವರು ಫೋನ್ ಮಾಡ್ತಿದ್ರು, ಬಾಗಲಕೋಟೆಯವರು, ಕಲಬುರ್ಗಿಯವರು, ಹಿಂದಿ ಸರಿಯಾಗಿ ಬಾರದವರು, ಫುಟ್‌ಪಾತಿನ ಮೇಲೆ ಚೀಲ ಇಟ್ಕೊಂಡು ಕೂತವರು. ಅಣ್ಣಾ, ಮಗೀಗೆ ಪ್ಲೇಟ್ಲೆಟ್ ಬೇಕಂತ್ರಿ, ಇಲ್ಲಿ ನಮಗ ಯಾರೂ ಇಲ್ರಿ ಅಂತ ಕನ್ನಡದಲ್ಲಿ ಕೇಳಿದ್ರೆ ಇಲ್ಲ ಅನ್ಲಿಕ್ಕೆ ಬಾಯಿ ಬರ್ತದಾ ನಿಮಗೆ? ನನಗೆ ಬರ್ಲಿಲ್ಲ.

ಪ್ಲೇಟ್ಲೆಟ್ ಕೊಡೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳ್ತೇನೆ. ಒಂದು ಕೈಯಿಂದ ರಕ್ತ ಮಶೀನಿಗೆ ಹೋಗ್ತದೆ, ಅಲ್ಲಿ ಗಿರಗಿರ ತಿರುಗಿ ಪ್ಲೇಟ್ಲೆಟ್ ಮಾತ್ರ ಹಳದಿ ಬಣ್ಣದ ಚೀಲಕ್ಕೆ ಹೋಗ್ತದೆ, ಕೆಂಪು ರಕ್ತ ಅದೇ ಸೂಜಿಯಿಂದಲೋ ಇನ್ನೊಂದು ಕೈಯಿಂದಲೋ ವಾಪಸ್ ಬರ್ತದೆ. ಒಂದೂವರೆ ಗಂಟೆ ಹಿಡೀತದೆ ಹತ್ತಿರ ಹತ್ತಿರ. ರಕ್ತ ಹೆಪ್ಪುಗಟ್ಟಬಾರದು ಅಂತ ಸಿಟ್ರೇಟ್ ಹಾಕ್ತಾರಲ್ಲ, ಅದು ಮೈಯೊಳಗೆ ಬಂದಾಗ ತುಟಿ ಜುಮುಜುಮು ಅಂತದೆ, ಆಗ ಸಿಸ್ಟರ್ ಒಂದು ಕ್ಯಾಲ್ಸಿಯಂ ಮಾತ್ರೆ ಚೀಪ್ಲಿಕ್ಕೆ ಕೊಡ್ತಾರೆ. ಅಷ್ಟೇ. ಹೀಗೆ ಒಬ್ಬನಿಂದಲೇ ತೆಗೆದ ಒಂದು ಚೀಲ, ಎಸ್‌ಡಿಪಿ ಅಂತಾರೆ, ಸಾಮಾನ್ಯ ರಕ್ತದ ಆರು ಬಾಟಲಿಯಿಂದ ತೆಗೆದ ಪ್ಲೇಟ್ಲೆಟಿಗೆ ಸಮ. ಐದು ದಿನದ ಮೇಲೆ ಇಡ್ಲಿಕ್ಕೆ ಆಗೋದಿಲ್ಲ, ಫ್ರಿಜ್ಜಲ್ಲೂ ಇಡಬಾರದು, 20ರಿಂದ 24 ಡಿಗ್ರಿಯಲ್ಲಿ ಅಲ್ಲಾಡಿಸ್ತಾ ಇರ್ಬೇಕು, ಅದಕ್ಕೇ ಯಾವಾಗ್ಲೂ ಅರ್ಜೆಂಟ್ ಫೋನ್.

ಇಡೀ ರಕ್ತ ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು ಅಂತ ನಮ್ಮ ರೂಲ್. ಪ್ಲೇಟ್ಲೆಟ್ ಆದ್ರೆ 48 ಗಂಟೆ ಅಂತರ ಇದ್ರೆ ಸಾಕು, ವಾರಕ್ಕೆ ಎರಡು, ವರ್ಷಕ್ಕೆ 24ರ ತನಕ. ಯಾಕೆ ಇಷ್ಟು ಸಲೀಸು ಅಂದ್ರೆ ಕೆಂಪು ಕಣ ವಾಪಸ್ ಬರ್ತದಲ್ಲ, ನಿಮಗೆ ಎಂತದೂ ನಷ್ಟ ಇಲ್ಲ ಅಂತ. ನನಗೂ ಒಂದು ಕಡೆ ಹಾಗೇ ಹೇಳಿದ್ದು, ಎಲ್ಲಿ ಅಂತ ಬೇಡ, ಎಲ್ಲಾ ಕಡೆಯೂ ಹಾಗೇ ಹೇಳ್ತಾರೆ. ಮುಕ್ಕಾಲು ನಿಜ ಅದು. ನಾನು ಮಲಗಿದ್ದು ಉಳಿದ ಕಾಲು ಭಾಗದಲ್ಲಿ.

ಈಗ ನನ್ನ ಕಥೆ. ಹೋದ ಚಳಿಗಾಲದಲ್ಲಿ ದಾದರ್ ಬ್ರಿಡ್ಜಿನ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಲ್ಲಬೇಕಾಗ್ತಿತ್ತು. ದಾದರಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಗೆ ಮೆಟ್ಟಿಲಲ್ಲಿ ನಿಲ್ಲೋದು ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟು, ಹಿಂದಿನಿಂದ ಬೈತಾ ಬೈತಾ ತಳ್ಳಿಕೊಂಡೇ ಹೋಗ್ತಾರೆ. ವಯಸ್ಸಾಯ್ತು, 47 ಅಂತ ಅಂದ್ಕೊಂಡೆ. ರಾತ್ರಿ ಮಲಗಿದ್ರೆ ಕಾಲು ಸುಮ್ಮನಿರ್ತಿರ್ಲಿಲ್ಲ, ಒಳಗೆ ಇರುವೆ ಹರಿದ ಹಾಗೆ, ಎದ್ದು ಎರಡು ಸುತ್ತು ನಡೆದ್ರೆ ಸರಿ ಆಗ್ತಿತ್ತು. ಮತ್ತೊಂದು ವಿಷಯ ಹೇಳ್ಲಿಕ್ಕೆ ನಾಚಿಕೆ ಆಗ್ತದೆ, ನನಗೆ ಐಸ್ ತಿನ್ನುವ ಚಟ ಹಿಡೀತು. ಐಸ್ಕ್ರೀಮಲ್ಲ, ಬರೀ ಐಸ್. ಫ್ರಿಜ್ಜಿನ ಟ್ರೇಯಲ್ಲಿ ನೀರು ಗಟ್ಟಿ ಆಗೋದನ್ನೇ ಕಾಯ್ತಿದ್ದೆ. ಒಂದು ದಿನ ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ಲೈಟ್ ಹಾಕದೆ ಕಟಕಟ ಅಂತ ಅಗೀತಾ ಇದ್ದೆ, ಹೆಂಡತಿ ಇಲಿ ಬಂತು ಅಂತ ಪೊರಕೆ ಹಿಡ್ಕೊಂಡು ಬಂದ್ಳು. ಎಂತ ಮಾರಾಯ್ರೆ ಇದು, ಬಸುರಿ ಹೆಂಗಸ್ರು ಬಳಪ ತಿಂದ ಹಾಗೆ ಅಂದ್ಳು.

ಅವಳು ತಮಾಷೆಗೆ ಅಂದದ್ದು, ಆದ್ರೆ ಸರಿಯಾದ ಜಾಗಕ್ಕೇ ಕೈ ಹಾಕಿದ್ಳು. ನಮ್ಮ ಕಡೆ ಬಳಪ ತಿನ್ನೋದು, ಹಸಿ ಅಕ್ಕಿ ಮುಕ್ಕೋದು, ಮಣ್ಣಿನ ವಾಸನೆ ಬಂದ್ರೆ ಬಾಯಲ್ಲಿ ನೀರು ಬರೋದು, ಇದೆಲ್ಲ ಎಷ್ಟೋ ಸಲ ಮೈಯಲ್ಲಿ ಕಬ್ಬಿಣ ಕಮ್ಮಿ ಆದದ್ದರ ಲಕ್ಷಣ. ಐಸ್ ಅಗಿಯೋದೂ ಅದೇ ಜಾತಿ. ಯಾಕೆ ಹಾಗಾಗ್ತದೆ ಅಂತ ಕೇಳ್ಬೇಡಿ, ಆಗ್ತದೆ, ಕಬ್ಬಿಣ ತುಂಬಿದ್ರೆ ತನ್ನಷ್ಟಕ್ಕೆ ಹೋಗ್ತದೆ.

ಮರುದಿನ ನನ್ನದೇ ರಕ್ತ ತೆಗೆದು ನಮ್ಮದೇ ಮಶೀನಿಗೆ ಹಾಕಿದೆ. ಹಿಮೋಗ್ಲೋಬಿನ್ 13.1. ಶಿಬಿರದಲ್ಲಿ ಬೇಕಾದ್ದು 12.5, ಅಂದ್ರೆ ಪಾಸ್, ಅವತ್ತೇ ಹೋಗಿದ್ರೂ ರಕ್ತ ತಗೊಳ್ತಿದ್ರು. ಆದ್ರೆ ಕೆಂಪು ಕಣದ ಸೈಜ್ ತೋರಿಸುವ ಎಂಸಿವಿ 77ಕ್ಕೆ ಇಳಿದಿತ್ತು, 80ರ ಮೇಲೆ ಇರ್ಬೇಕು ಅದು. ಫೆರಿಟಿನ್ ಹಾಕಿಸಿದೆ, 9 ಬಂತು. ನಾನು ದಿನಾ ನೂರಾರು ಜನರ ರಿಪೋರ್ಟಲ್ಲಿ ಇಂಥ ನಂಬರಿಗೆ ಕೆಂಪು ಮಾರ್ಕ್ ಹಾಕುವವ. ದೀಪದ ಬುಡದಲ್ಲೇ ಕತ್ತಲೆ.

ಫೆರಿಟಿನ್ ಅಂದ್ರೆ ಎಂತ? ಇಲ್ಲಿ ಹೋಟೆಲಿನವರು ಅರ್ಧಕ್ಕರ್ಧ ಜನ ಇದ್ದೀರಿ, ನಿಮ್ಮ ಲೆಕ್ಕದಲ್ಲೇ ಹೇಳ್ತೇನೆ. ಗಿರಾಕಿಗೆ ಕಾಣೋದು ಟೇಬಲಿಗೆ ಬರುವ ಇಡ್ಲಿ. ಬಿಸಿ ಬಿಸಿ ಬರ್ತಾ ಇದ್ರೆ ಹೋಟೆಲ್ ಚೆನ್ನಾಗಿ ನಡೀತಾ ಉಂಟು ಅಂತ ಅವ ತಿಳ್ಕೊಳ್ತಾನೆ. ಉಗ್ರಾಣದಲ್ಲಿ ಅಕ್ಕಿ ಹತ್ತು ಮೂಟೆ ಉಂಟಾ ಅರ್ಧ ಮೂಟೆ ಉಂಟಾ ಅಂತ ಅವನಿಗೆ ಗೊತ್ತಾಗೋದಿಲ್ಲ. ಹಿಮೋಗ್ಲೋಬಿನ್ ಅಂದ್ರೆ ಟೇಬಲಿನ ಇಡ್ಲಿ. ಫೆರಿಟಿನ್ ಅಂದ್ರೆ ಉಗ್ರಾಣ. ಮೈ ಎಂಥ ಭಟ್ರು ಅಂದ್ರೆ, ಕೊನೇ ಸೇರು ಅಕ್ಕಿ ಮುಗಿಯುವ ತನಕ ಇಡ್ಲಿ ಕಳಿಸ್ತಾನೇ ಇರ್ತದೆ, ಸ್ವಲ್ಪ ಸಣ್ಣ ಇಡ್ಲಿ ಮಾಡ್ತದೆ ಅಷ್ಟೇ, ಅದೇ ನನ್ನ ಎಂಸಿವಿ 77. ಇಡ್ಲಿ ನಿಲ್ಲುವ ಹೊತ್ತಿಗೆ, ಅಂದ್ರೆ ಹಿಮೋಗ್ಲೋಬಿನ್ ಇಳಿಯುವ ಹೊತ್ತಿಗೆ, ಉಗ್ರಾಣ ಖಾಲಿಯಾಗಿ ಎಷ್ಟೋ ಸಮಯ ಆಗಿರ್ತದೆ. ಸುಸ್ತು, ಕಾಲಿನ ಜುಮುಜುಮು, ಐಸು ಇದೆಲ್ಲ ಅದಕ್ಕಿಂತ ಮೊದಲೇ ಶುರು ಆಗಬಹುದು, ಯಾಕಂದ್ರೆ ಕಬ್ಬಿಣ ಬೇಕಾದ್ದು ರಕ್ತಕ್ಕೆ ಮಾತ್ರ ಅಲ್ಲ, ಸ್ನಾಯುವಿಗೂ ಮೆದುಳಿಗೂ ಬೇಕು.

ಈಗ ಲೆಕ್ಕ. ಇದನ್ನ ನಾನು ಲ್ಯಾಬಿನ ಹಳೇ ರಿಪೋರ್ಟಿನ ಹಿಂದೆ ಪೆನ್ನಲ್ಲಿ ಮಾಡಿದ್ದು. ಒಬ್ಬ ಮನುಷ್ಯನ ಇಡೀ ಮೈಯಲ್ಲಿ ಇರುವ ಕಬ್ಬಿಣ ಮೂರು ನಾಲ್ಕು ಗ್ರಾಂ, ಒಂದು ಮೊಳೆಯಷ್ಟು. ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಹತ್ತಿರ ರಕ್ತದಲ್ಲೇ ಓಡಾಡ್ತಾ ಇರ್ತದೆ. ಉಗ್ರಾಣದಲ್ಲಿ ಗಂಡಸರಿಗೆ ಹೆಚ್ಚೆಂದ್ರೆ 1000 ಮಿಲಿಗ್ರಾಂ, ಹೆಂಗಸರಿಗೆ 300 ಆಸುಪಾಸು, ಎಷ್ಟೋ ಜನಕ್ಕೆ ಅಷ್ಟೂ ಇಲ್ಲ. ಊಟದಿಂದ ದಿನಕ್ಕೆ ಮೈಗೆ ಹತ್ತುವುದು ಒಂದು ಎರಡು ಮಿಲಿಗ್ರಾಂ, ಅದರಲ್ಲೂ ಒಂದು ಮಿಲಿಗ್ರಾಂ ಚರ್ಮ, ಕರುಳಿನ ಸವೆತದಲ್ಲಿ ದಿನಾ ಹೊರಗೆ ಹೋಗ್ತದೆ. ಹೊಸ ರಕ್ತ ಮಾಡ್ಲಿಕ್ಕೆ ದಿನಕ್ಕೆ 20-25 ಮಿಲಿಗ್ರಾಂ ಬೇಕು, ಅದು ಬರೋದು 120 ದಿನ ಬದುಕಿ ಸತ್ತ ಹಳೇ ಕೆಂಪು ಕಣಗಳನ್ನ ಒಡೆದು, ಅದೇ ಕಬ್ಬಿಣವನ್ನ ತಿರುಗಿ ಬಳಸೋದ್ರಿಂದ. ಗುಜರಿಯವನ ಹಾಗೆ, ಒಂದು ಚೂರೂ ಬಿಸಾಡೋದಿಲ್ಲ.

ಈಗ ನೀವು ಮಲಗಿ ಒಂದು ಚೀಲ ರಕ್ತ ಕೊಟ್ರಿ. ಒಂದು ಗ್ರಾಂ ಹಿಮೋಗ್ಲೋಬಿನಲ್ಲಿ 3.4 ಮಿಲಿಗ್ರಾಂ ಕಬ್ಬಿಣ. ಹಿಮೋಗ್ಲೋಬಿನ್ 13 ಅಂದ್ರೆ 100 ಎಂಎಲ್ ರಕ್ತದಲ್ಲಿ 13 ಗ್ರಾಂ, ಅದರಲ್ಲಿ ಕಬ್ಬಿಣ 44 ಮಿಲಿಗ್ರಾಂ ಆಯ್ತು. 350 ಎಂಎಲ್ ಚೀಲಕ್ಕೆ 155, 450ರ ಚೀಲಕ್ಕೆ 200. ದಿನಕ್ಕೆ ಒಂದು ಮಿಲಿಗ್ರಾಂ ಉಳಿಸುವವ 200 ಮಿಲಿಗ್ರಾಂ ತುಂಬಿಸ್ಲಿಕ್ಕೆ ಎಷ್ಟು ದಿನ ಬೇಕು ಅಂತ ನೀವೇ ಹೇಳಿ. ಖಾಲಿ ಆದಾಗ ಕರುಳು ಸ್ವಲ್ಪ ಜಾಸ್ತಿ ಹೀರ್ತದೆ, ಅದು ನಿಜ, ಆದ್ರೂ ಮೂರು ತಿಂಗಳಲ್ಲಿ ಹಳೇ ಬಾಕಿ ಎಲ್ಲರಿಗೂ ತೀರೋದಿಲ್ಲ.

ಇದು ನನ್ನ ಊಹೆ ಅಲ್ಲ. ಅಮೆರಿಕದಲ್ಲಿ 215 ಜನ ದಾನಿಗಳ ಮೇಲೆ ಒಂದು ಪರೀಕ್ಷೆ ಮಾಡಿದ್ರು, 2015ರಲ್ಲಿ ಜಾಮಾ ಅಂತ ಡಾಕ್ಟ್ರುಗಳ ಪತ್ರಿಕೆಯಲ್ಲಿ ಬಂತು. ಅರ್ಧ ಜನಕ್ಕೆ ರಕ್ತ ಕೊಟ್ಟ ಮೇಲೆ ದಿನಾ 37.5 ಮಿಲಿಗ್ರಾಂ ಕಬ್ಬಿಣದ ಮಾತ್ರೆ, ಉಳಿದವರಿಗೆ ಎಂತದೂ ಇಲ್ಲ. ಮಾತ್ರೆ ತಗೊಳ್ಳದವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಉಗ್ರಾಣ 168 ದಿನ ಆದ್ರೂ ಮೊದಲಿನ ಮಟ್ಟಕ್ಕೆ ಬರ್ಲಿಲ್ಲ. 168 ದಿನ ಅಂದ್ರೆ ಐದೂವರೆ ತಿಂಗಳು ಮಾರಾಯ್ರೆ, ನಮ್ಮ ರೂಲ್ 90 ದಿನಕ್ಕೆ ಮತ್ತೆ ಬನ್ನಿ ಅಂತದೆ. ಅಲ್ಲಿ ಒಂದು ಸಲಕ್ಕೆ ತೆಗೆಯೋದು ನಮ್ಮದಕ್ಕಿಂತ ಸ್ವಲ್ಪ ಜಾಸ್ತಿ, ಒಪ್ತೇನೆ, ಆದ್ರೆ ಅಲ್ಲಿಯವರ ತಟ್ಟೆಯಲ್ಲಿ ಮಾಂಸವೂ ಜಾಸ್ತಿ. ಅದಕ್ಕಿಂತ ಮೊದಲು ಅಲ್ಲೇ ರೈಸ್ ಅಂತ ಇನ್ನೊಂದು ಅಧ್ಯಯನ ಆಗಿತ್ತು, ಎರಡು ಸಾವಿರಕ್ಕೂ ಹೆಚ್ಚು ದಾನಿಗಳು, ಅದರಲ್ಲಿ ಪದೇಪದೇ ಇಡೀ ರಕ್ತ ಕೊಡುವ ಗಂಡಸರಲ್ಲಿ ನೂರಕ್ಕೆ 16, ಹೆಂಗಸರಲ್ಲಿ ನೂರಕ್ಕೆ 27 ಜನರ ಉಗ್ರಾಣ ಪೂರ್ತಿ ಖಾಲಿ. ಇವರೆಲ್ಲ ಗೇಟಲ್ಲಿ ಹಿಮೋಗ್ಲೋಬಿನ್ ಪಾಸ್ ಆಗಿ ಒಳಗೆ ಬಂದವರೇ.

ಗೇಟಲ್ಲಿ ಆಗೋದು ಎಂತ ಅಂತ ನೋಡಿದ್ದೀರಲ್ಲ? ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನ ನೀಲಿ ನೀರಿಗೆ ಬಿಡ್ತಾರೆ. ಮೈಲುತುತ್ತದ ನೀರು ಅದು, ತೋಟಕ್ಕೆ ಬೋರ್ಡೋ ಹೊಡೆದವರಿಗೆ ಬಣ್ಣ ನೋಡಿದ ಕೂಡ್ಲೇ ಗೊತ್ತಾಗ್ತದೆ. ಅದರ ಸಾಂದ್ರತೆ 1.053ಕ್ಕೆ ಹೊಂದಿಸಿರ್ತಾರೆ, ಹನಿ ಮುಳುಗಿದ್ರೆ 12.5ರ ಮೇಲೆ, ತೇಲಿದ್ರೆ ಕೆಳಗೆ. ಚಂದದ ಉಪಾಯ, ನನಗೆ ಈಗಲೂ ಅದನ್ನ ನೋಡ್ಲಿಕ್ಕೆ ಖುಷಿ, ಮುಳುಗುವ ಹನಿ ಸಣ್ಣ ದಾಸವಾಳದ ಮೊಗ್ಗಿನ ಹಾಗೆ ಕಾಣ್ತದೆ. ಈಗ ಕೆಲವು ಕಡೆ ಸಣ್ಣ ಮೀಟರ್ ಬಂದಿದೆ. ಆದ್ರೆ ಎರಡೂ ನೋಡೋದು ಟೇಬಲಿನ ಇಡ್ಲಿಯನ್ನೇ. ಫೆರಿಟಿನ್ ನೋಡ್ಬೇಕು ಅಂತ ನಮ್ಮಲ್ಲಿ ಕಡ್ಡಾಯ ಇಲ್ಲ.

ಈಗ ಪ್ಲೇಟ್ಲೆಟಿಗೆ ಬರ್ತೇನೆ, ಯಾಕಂದ್ರೆ ಅದನ್ನೇ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಕೆಂಪು ಕಣ ವಾಪಸ್ ಬರ್ತದೆ ಹೌದು, ಆದ್ರೆ ಪೂರ್ತಿ ಅಲ್ಲ. ಪೈಪಲ್ಲಿ, ಕಿಟ್ಟಲ್ಲಿ ಸ್ವಲ್ಪ ಉಳೀತದೆ. ಪ್ರತಿ ಸಲ ಗ್ರೂಪಿಗೆ, ಕೌಂಟಿಗೆ, ಎಚ್‌ಐವಿ, ಹೆಪಟೈಟಿಸ್ ಇತ್ಯಾದಿಗೆ ಅಂತ ಟ್ಯೂಬ್ ಟ್ಯೂಬ್ ರಕ್ತ ತೆಗೀತಾರೆ. ಎಲ್ಲಾ ಸೇರಿ ಒಂದು ಸಲಕ್ಕೆ 30 ಎಂಎಲ್ ಅಂತ ಹಿಡೀರಿ, ಮಶೀನಿನ ಮೇಲೆ ಕಿಟ್ಟಿನ ಮೇಲೆ ಹೆಚ್ಚು ಕಮ್ಮಿ ಆಗ್ತದೆ. ಒಂದು ಲೋಟದ ತಳ ಮುಚ್ಚುವಷ್ಟು, ಯಾರಿಗೆ ಲೆಕ್ಕ ಅದು. ಆದ್ರೆ 13 ಮಿಲಿಗ್ರಾಂ ಕಬ್ಬಿಣ ಹೋಯ್ತು. ವರ್ಷಕ್ಕೆ 24 ಸಲ ಕೊಟ್ರೆ 300 ದಾಟ್ತದೆ, ಅಂದ್ರೆ ರಕ್ತದಾನ ಮಾಡದೇನೇ ಎರಡು ಚೀಲ ರಕ್ತ ಕೊಟ್ಟ ಹಾಗೆ. ಹೆಂಗಸರಿಗೆ ಅದೇ ಇಡೀ ಉಗ್ರಾಣ.

ಮತ್ತೆ ಎಡವಟ್ಟುಗಳು. ನನಗೆ ಒಂದು ಸಲ ಮಧ್ಯದಲ್ಲಿ ಮಶೀನ್ ಕೂಗ್ಲಿಕ್ಕೆ ಶುರುಮಾಡಿ ನಿಂತೇ ಹೋಯ್ತು, ಲೈನಲ್ಲಿ ರಕ್ತ ಕಟ್ಟಿತ್ತು, ಹಾಗಾಗಿ ಒಳಗಿದ್ದ ರಕ್ತ ವಾಪಸ್ ಕೊಡ್ಲಿಕ್ಕೆ ಆಗ್ಲಿಲ್ಲ, ಕಿಟ್ ಸಮೇತ ಹಳದಿ ಬಿನ್ನಿಗೆ ಹೋಯ್ತು. ನಾನು ಮಲಗಿದ್ದಲ್ಲಿಂದ ನೋಡ್ತಾ ಇದ್ದೆ, ಆ ಪಾರದರ್ಶಕ ಪೈಪಲ್ಲಿ ನನ್ನದೇ ರಕ್ತ, ಸುರುಳಿ ಸುತ್ತಿ ಬಿನ್ನಿನ ಮುಚ್ಚಳದ ಹೊರಗೆ ಒಂದು ತುದಿ ನೇತಾಡ್ತಾ ಇತ್ತು. ಸಾರಿ ಸರ್, ಸ್ವಲ್ಪ ವೇಸ್ಟ್ ಆಯ್ತು ಅಂದ್ರು, ಫ್ರೂಟಿ ಕೊಟ್ಟು ಕಳಿಸಿದ್ರು. ಹೀಗಾದ್ರೆ ಎಂತ ಮಾಡ್ಬೇಕು ಅಂತ ರೂಲ್ ಉಂಟು ಗೊತ್ತುಂಟಾ? ಪ್ಲೇಟ್ಲೆಟ್ ಕೊಟ್ಟವ ಇಡೀ ರಕ್ತ ಕೊಡ್ಬೇಕಾದ್ರೆ 28 ದಿನ ಕಾಯ್ಬೇಕು, ಕೆಂಪು ಕಣ ಪೂರ್ತಿ ವಾಪಸ್ ಆಗದಿದ್ರೆ 90 ದಿನ. ಅಂದ್ರೆ ಕಾನೂನಿಗೂ ಗೊತ್ತುಂಟು, ರಕ್ತ ಹೋಗ್ತದೆ ಅಂತ. ನನಗೆ ಮಾತ್ರ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ, ಒಂದೂವರೆ ತಿಂಗಳಲ್ಲಿ ಬೇರೆ ಕಡೆ ಶಿಬಿರದಲ್ಲಿ ಹೋಗಿ ಮಲಗಿದೆ. ಫಾರ್ಮಲ್ಲಿ ಹಾಗೊಂದು ಪ್ರಶ್ನೆ ಇದ್ದಿದ್ರೂ ನಾನು ಓದ್ದೇ ಸೈನ್ ಹಾಕಿರ್ತೇನೆ.

31 ಪ್ಲೇಟ್ಲೆಟಿಗೆ 400, ನಾಲ್ಕು ಚೀಲಕ್ಕೆ 800, ಬಿನ್ನಿಗೆ ಹೋದದ್ದು ಒಂದು 80. ಒಟ್ಟು ಸಾವಿರದ ಇನ್ನೂರೆಂಬತ್ತು ಮಿಲಿಗ್ರಾಂ ಎರಡು ವರ್ಷದಲ್ಲಿ. ಉಗ್ರಾಣದಲ್ಲಿ ಇದ್ದದ್ದೇ ಸಾವಿರ. ಇನ್ನು 9 ಬಾರದೆ 90 ಬರ್ತದಾ?

ಆದ್ರೂ ನಮ್ಮ ಡಾಕ್ಟ್ರು ಈ ಲೆಕ್ಕ ನೋಡಿ ತಲೆ ಆಡಿಸಿ, ಇದು ಸರಿ, ಆದ್ರೂ ಹೊಟ್ಟೆ ಒಮ್ಮೆ ನೋಡುವ ಅಂದ್ರು. ಇದನ್ನ ಗಮನ ಇಟ್ಟು ಕೇಳಿ. ದೊಡ್ಡ ವಯಸ್ಸಿನ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣ ಕಮ್ಮಿ ಆದ್ರೆ ಮೊದಲು ಬರಬೇಕಾದ ಸಂಶಯ ಕರುಳಲ್ಲಿ ಎಲ್ಲೋ ರಕ್ತ ಸೋರ್ತಾ ಉಂಟಾ ಅಂತ, ಹುಣ್ಣು, ಮೂಲವ್ಯಾಧಿ, ಕೆಲವು ಸಲ ಕ್ಯಾನ್ಸರೂ. ನಾನು ದಾನಿ, ಅದಕ್ಕೇ ಕಮ್ಮಿ ಅಂತ ನಮಗೆ ನಾವೇ ಸರ್ಟಿಫಿಕೇಟ್ ಕೊಟ್ಕೊಂಡು ಕೂತ್ರೆ ಅದು ಅಡಗಿ ಕೂತಿರ್ತದೆ. ನನಗೆ ಮಲ ಪರೀಕ್ಷೆ, ಕ್ಯಾಮೆರಾ ಒಳಗೆ ಇಳಿಸಿ ನೋಡೋದು ಎರಡೂ ಆಯ್ತು, ಎಂತದೂ ಇರ್ಲಿಲ್ಲ.

ಇಲ್ಲಿ ಒಂದು ಅಡ್ಡ ಮಾತು. ಈ ಊರಿನ ಹೆಸರಲ್ಲೇ ಒಂದು ರಕ್ತದ ಗುಂಪು ಉಂಟು, ಬಾಂಬೆ ಗ್ರೂಪ್, 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಜೊತೆಯವರು ಇಲ್ಲೇ ಪತ್ತೆ ಮಾಡಿದ್ದು. ಹತ್ತು ಸಾವಿರಕ್ಕೊಬ್ಬರು ಸಿಕ್ಕಿದ್ರೆ ಉಂಟು. ಓ ಗುಂಪಿನ ರಕ್ತವೂ ಅವರಿಗೆ ಆಗೋದಿಲ್ಲ. ಅಂಥವರಿಗೆ ಎಲ್ಲಿಂದೆಲ್ಲ ಫೋನ್ ಬರ್ತದೆ, ರಾತ್ರಿ ಹಗಲು, ಇನ್ನೊಬ್ಬರು ಇಲ್ಲವೇ ಇಲ್ಲ ಅಂದ್ಮೇಲೆ ಇಲ್ಲ ಅನ್ನೋದು ಹೇಗೆ. ಪ್ಲೇಟ್ಲೆಟ್ ಕೊಡುವ ನಮ್ಮಂಥವರದ್ದೂ ಸಣ್ಣ ಮಟ್ಟಿಗೆ ಅದೇ ಪಾಡು, ಯಾರು ಒಮ್ಮೆ ಹೂಂ ಅಂತಾರೋ ಅವರಿಗೇ ಹತ್ತು ಸಲ ಫೋನ್. ಒಬ್ಬ 24 ಸಲ ಕೊಟ್ಟ ಅಂತ ಶಾಲು ಹೊದಿಸ್ತೀರಿ. ಹನ್ನೆರಡು ಜನ ಎರಡೆರಡು ಸಲ ಕೊಟ್ರೂ ಅದೇ 24 ಚೀಲ, ಯಾರ ಉಗ್ರಾಣಕ್ಕೂ ಗೊತ್ತೇ ಆಗೋದಿಲ್ಲ. ನನ್ನ ತಕರಾರು ಇಷ್ಟೇ, ನಾವು ದಾಖಲೆ ಎಣಿಸ್ತೇವೆ, ತಲೆ ಎಣಿಸೋದಿಲ್ಲ. ಇದರಲ್ಲಿ ನನ್ನ ತಪ್ಪೂ ಉಂಟು, ಆ 31 ಅನ್ನೋ ನಂಬರ್ ಹೇಳ್ಲಿಕ್ಕೆ ನನಗೂ ಸ್ವಲ್ಪ ಗತ್ತಿತ್ತು.

ಮತ್ತೊಂದು, ಮಳೆಗಾಲದಲ್ಲಿ ಡೆಂಗ್ಯೂ ಅಂತ ಬರುವ ಫೋನುಗಳಲ್ಲಿ ಎಷ್ಟೋ ಬೇಕಾಗಿಯೇ ಇರೋದಿಲ್ಲ. ರಕ್ತಸ್ರಾವ ಇಲ್ಲದಿದ್ರೆ ಕೌಂಟ್ ಹತ್ತು ಸಾವಿರಕ್ಕಿಂತ ಕೆಳಗೆ ಹೋಗುವ ತನಕ ಪ್ಲೇಟ್ಲೆಟ್ ಹಾಕೋದು ಬೇಡ ಅಂತ ಸರಕಾರಿ ಮಾರ್ಗಸೂಚಿಯಲ್ಲೇ ಉಂಟು. ನಲವತ್ತು ಸಾವಿರ ಬಂತು ಅಂತ ಮನೆಯವರು ಗಾಬರಿಯಾಗಿ ಇಡೀ ಊರಿಗೆ ಮೆಸೇಜ್ ಹಾಕ್ತಾರೆ. ಡಾಕ್ಟ್ರ ಚೀಟಿ ಉಂಟಾ ಅಂತ ಒಮ್ಮೆ ಕೇಳಿ, ಅದರಲ್ಲಿ ಅವಮಾನ ಎಂತದೂ ಇಲ್ಲ. ಕ್ಯಾನ್ಸರ್ ಮಗುವಿನ ವಿಷಯ ಬೇರೆ, ಕೀಮೋ ಕೊಟ್ಟ ಮೇಲೆ ಮೈ ತಾನಾಗಿ ಪ್ಲೇಟ್ಲೆಟ್ ಮಾಡೋದೇ ನಿಲ್ಲಿಸಿರ್ತದೆ, ಅಲ್ಲಿ ನಿಜವಾಗಿ ಬೇಕು.

ನೆದರ್ಲ್ಯಾಂಡ್ಸಲ್ಲಿ ಸ್ಯಾಂಕ್ವಿನ್ ಅಂತ ಅವರ ರಕ್ತಸಂಸ್ಥೆ, 2017ರಿಂದ ಹಂತಹಂತವಾಗಿ ದಾನಿಗಳ ಫೆರಿಟಿನ್ ನೋಡ್ಲಿಕ್ಕೆ ಶುರು ಮಾಡಿತು. 15ಕ್ಕಿಂತ ಕಮ್ಮಿ ಇದ್ರೆ ಹನ್ನೆರಡು ತಿಂಗಳು ಬರ್ಬೇಡಿ, 15ರಿಂದ 30ರ ಒಳಗೆ ಇದ್ರೆ ಆರು ತಿಂಗಳು. ನಮ್ಮಲ್ಲಿ ಅದು ಯಾವಾಗ ಬರ್ತದೋ, ಬರುವ ತನಕ ನಾವೇ ಮಾಡ್ಬೇಕು. ವರ್ಷಕ್ಕೆ ಮೂರು ನಾಲ್ಕು ಸಲಕ್ಕಿಂತ ಜಾಸ್ತಿ ಎಂತಾದ್ರೂ ಕೊಡುವವರು ವರ್ಷಕ್ಕೊಮ್ಮೆ ಫೆರಿಟಿನ್ ಮಾಡಿಸಿ, ಯಾವ ಲ್ಯಾಬಲ್ಲೂ ಆಗ್ತದೆ. ಜ್ವರ, ಸೋಂಕು ಇರುವಾಗ ಮಾಡಿಸ್ಬೇಡಿ, ಆಗ ಫೆರಿಟಿನ್ ಸುಳ್ಳೇ ಏರಿರ್ತದೆ, ಉಗ್ರಾಣ ಖಾಲಿ ಇದ್ರೂ ಬೋರ್ಡ್ ತುಂಬಿದೆ ಅಂತ ತೋರಿಸ್ತದೆ.

ಮಾತ್ರೆ ವಿಷಯ ಡಾಕ್ಟ್ರನ್ನೇ ಕೇಳಿ, ನಾನು ಹೇಳೋದು ನನಗೆ ಆದದ್ದು. ಸ್ಟ್ರಿಪ್ಪಿನ ಹಿಂದೆ ದೊಡ್ಡ ನಂಬರ್ ಬೇರೆ, ಅದರಲ್ಲಿ ನಿಜವಾದ ಕಬ್ಬಿಣ ಎಷ್ಟು ಅನ್ನೋದು ಬೇರೆ, ಎಲಿಮೆಂಟಲ್ ಐರನ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿರ್ತದೆ, ಅದನ್ನ ಓದಿ. ಸರಕಾರಿ ಆಸ್ಪತ್ರೆಯಲ್ಲಿ ಹೆಂಗಸರಿಗೆ ಕೊಡುವ ಮಾತ್ರೆಯಲ್ಲಿ ಅದು 60 ಮಿಲಿಗ್ರಾಂ. ನನಗೆ ಡಾಕ್ಟ್ರು ದಿನಬಿಟ್ಟು ದಿನ ತಗೊಳ್ಳಿ ಅಂದ್ರು, ನನಗೆ ಆಶ್ಚರ್ಯ, ಜಾಸ್ತಿ ತಗೊಂಡ್ರೆ ಬೇಗ ತುಂಬಬೇಕಲ್ಲ? ಒಂದು ಸಲ ಕಬ್ಬಿಣ ಹೊಟ್ಟೆಗೆ ಬಿದ್ರೆ ಲಿವರು ಹೆಪ್ಸಿಡಿನ್ ಅಂತ ಒಂದು ಹಾರ್ಮೋನ್ ಬಿಡ್ತದೆ, ಅದು ಕರುಳಿನ ಬಾಗಿಲನ್ನ ಒಂದು ದಿನದ ಮಟ್ಟಿಗೆ ಅರ್ಧ ಮುಚ್ಚಿಬಿಡ್ತದೆ, ಮರುದಿನ ನುಂಗಿದ್ದು ಹತ್ತುವುದು ಕಮ್ಮಿ. ಸ್ವಿಟ್ಜರ್ಲೆಂಡಿನವರು ಕಬ್ಬಿಣ ಕಮ್ಮಿ ಇದ್ದ ಹೆಂಗಸರಲ್ಲಿ ಇದನ್ನ ಅಳೆದು 2017ರಲ್ಲಿ ತೋರಿಸಿದ್ರು. ಹೊಟ್ಟೆಗೂ ಹಿತ, ಮಲ ಕಟ್ಟೋದೂ ಕಮ್ಮಿ. ಮಲ ಕಪ್ಪಾಗ್ತದೆ, ಹೆದರ್ಬೇಡಿ.

ಮಾತು ಇಲ್ಲಿಗೆ ಮುಗಿಸ್ಬೇಕು ಅಂತಿದ್ದೆ, ಆದ್ರೆ ಪ್ರಶ್ನೆ ಶುರು ಆಯ್ತು.

ಮುಂದಿನ ಸಾಲಲ್ಲಿದ್ದ ಒಬ್ಬರು ಅಕ್ಕ ಕೇಳಿದ್ರು, ಬೀಟ್ರೂಟ್ ಜ್ಯೂಸ್, ದಾಳಿಂಬೆ ಕುಡಿದ್ರೆ ಆಗೋದಿಲ್ವಾ, ಮಾತ್ರೆ ಯಾಕೆ ಅಂತ. ಅಕ್ಕ, ಕೆಂಪಾಗಿದ್ದದ್ದೆಲ್ಲ ರಕ್ತ ಆಗೋದಿಲ್ಲ, ಹಾಗಾಗಿದ್ರೆ ಕುಂಕುಮ ತಿಂದ್ರೂ ಆಗ್ತಿತ್ತು. 100 ಗ್ರಾಂ ಬೀಟ್ರೂಟಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಅದಕ್ಕಿಂತ ನಮ್ಮ ಹುರುಳಿ, ರಾಗಿ, ಹರಿವೆ ಸೊಪ್ಪು ಎಷ್ಟೋ ವಾಸಿ, ಆದ್ರೆ ಧಾನ್ಯ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ನಿಧಾನ, ಲಿಂಬೆ ಹಿಂಡಿ, ನೆಲ್ಲಿಕಾಯಿ ನಂಚಿ ತಿನ್ನಿ, ಹತ್ತುತ್ತದೆ. ಮೀನು ಮಾಂಸ ತಿನ್ನುವವರಿಗೆ ಆ ಕಬ್ಬಿಣ ಸಲೀಸಾಗಿ ಸಿಗ್ತದೆ. ಊಟ ಆದ ಕೂಡ್ಲೇ ಕಟಿಂಗ್ ಚಾ, ಫಿಲ್ಟರ್ ಕಾಫಿ ಕುಡಿಯೋದು ಮಾತ್ರ ಬಿಡಿ, ತಿಂದ ಕಬ್ಬಿಣವನ್ನ ಚಾ ಹಿಡಿದಿಟ್ಟುಬಿಡ್ತದೆ, ಒಂದೆರಡು ಗಂಟೆ ಬಿಟ್ಟು ಕುಡೀರಿ. ಇದನ್ನ ಹೋಟೆಲಿನವರ ಮುಂದೆ ಹೇಳ್ತಾ ಇದ್ದೇನೆ, ಧೈರ್ಯ ನೋಡಿ. ಮತ್ತೆ ಆ ನಾನ್‌ಸ್ಟಿಕ್ ಬಿಟ್ಟು ಅಮ್ಮನ ಕಾಲದ ಕಬ್ಬಿಣದ ಕಾವಲಿ ಅಟ್ಟದಿಂದ ಇಳಿಸಿ, ಹುಳಿ ಹಿಟ್ಟಿನ ದೋಸೆ ಅದರಲ್ಲಿ ಹೊಯ್ದ್ರೆ ಸ್ವಲ್ಪ ಕಬ್ಬಿಣ ದೋಸೆಗೆ ಸೇರ್ತದೆ. ಆದ್ರೆ ಖಾಲಿಯಾದ ಉಗ್ರಾಣ ಬರೀ ದೋಸೆಯಿಂದ ತುಂಬೋದಿಲ್ಲ, ಅದಕ್ಕೆ ಮಾತ್ರೆಯೇ.

ಒಬ್ಬ ಹುಡುಗ ಕೇಳಿದ, ಹಾಗಿದ್ರೆ ದಾನಿಗಳೆಲ್ಲ ಸುಮ್ಮನೆ ಐರನ್ ಮಾತ್ರೆ ತಗೊಂಡ್ರೆ ಆಯ್ತಲ್ಲ, ಟೆಸ್ಟ್ ಯಾಕೆ ಅಂತ. ಬೇಡ. ಥಲಸೇಮಿಯಾ ಮೈನರ್ ಅಂತ ಅಪ್ಪ ಅಮ್ಮನಿಂದ ಹುಟ್ಟಿನಲ್ಲೇ ಬರುವ ರಕ್ತದ ದೋಷ ಉಂಟು, ಅವರಲ್ಲೂ ಕೆಂಪು ಕಣ ಸಣ್ಣದೇ ಇರ್ತದೆ, ಆದ್ರೆ ಕಬ್ಬಿಣ ಬೇಕಾದಷ್ಟು ಇರ್ತದೆ. ಎಂಸಿವಿ ನೋಡಿ ವರ್ಷಗಟ್ಟಲೆ ಐರನ್ ನುಂಗಿಸಿದವರನ್ನ ನಾನು ನೋಡಿದ್ದೇನೆ. ಕಬ್ಬಿಣ ಜಾಸ್ತಿ ಆದ್ರೆ ಮೈಗೆ ಹೊರಗೆ ಹಾಕುವ ದಾರಿ ಇಲ್ಲ, ಲಿವರಲ್ಲಿ ಹೃದಯದಲ್ಲಿ ಹೋಗಿ ಕೂರ್ತದೆ.

ಇನ್ನೊಬ್ಬರು ತಾಯಿ, ಮಗಳನ್ನ ಕರ್ಕೊಂಡು ಬಂದಿದ್ರು, ಹತ್ತೊಂಬತ್ತು ವರ್ಷ, ಕಾಲೇಜಿನ ಶಿಬಿರದಲ್ಲಿ ಹಿಮೋಗ್ಲೋಬಿನ್ 11.8 ಅಂತ ವಾಪಸ್ ಕಳಿಸಿದ್ರಂತೆ. ಫ್ರೆಂಡ್ಸ್ ಎಲ್ಲ ಕೊಟ್ರು, ನಿನ್ನದು ಬೇಡ ಅಂದ್ರು ಅಂತ ಅಳ್ತಾ ಬಂದ್ಳು, ನಾನೂ ಹೋಗ್ಲಿ ಬಿಡು ಅಂದೆ ಅಂದ್ರು. ಎಂತ ಬಿಡೋದು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ, ಗಂಡಸರಲ್ಲಿ 25. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಊಟದಲ್ಲಿ ಬೇಕು ಅಂತ ಐಸಿಎಂಆರ್, ಅಂದ್ರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ, ಗಂಡಸರಿಗೆ 19. ತಿಂಗಳು ತಿಂಗಳು ಹೋಗೋದು ಯಾವ ಕಾರ್ಡಿನಲ್ಲೂ ಬರೆಯೋದಿಲ್ಲ, ಸರ್ಟಿಫಿಕೇಟೂ ಸಿಗೋದಿಲ್ಲ. ಆ ಶಿಬಿರದವರು 11.8 ಅಂತ ಒಂದು ಚೀಟಿ ಬರೆದು ಕೊಟ್ಟು ಡಾಕ್ಟ್ರ ಹತ್ತಿರ ಹೋಗಮ್ಮ ಅಂತ ಒಂದು ಮಾತು ಹೇಳಬೇಕಿತ್ತು, ಅದನ್ನ ಹೇಳದೆ ಬಿಸ್ಕಿಟೂ ಕೊಡದೆ ಕಳಿಸಿದ್ದು ನನಗೆ ಸಿಟ್ಟು ತರಿಸ್ತದೆ. ಮಗಳನ್ನ ಆಮೇಲೆ ಬದಿಗೆ ಕರೆದು, ಎಂತಾದ್ರೂ ವಿಚಿತ್ರ ತಿನ್ನಬೇಕು ಅನಿಸ್ತದಾ ಅಂತ ಕೇಳಿದೆ. ಅಮ್ಮನ ಮುಖ ಒಮ್ಮೆ ನೋಡಿ, ಅಂಕಲ್, ಡಬ್ಬಿಯಿಂದ ಅಕ್ಕಿ ಅಂತ ಮೆಲ್ಲ ಹೇಳಿದ್ಳು. ನಾನು ಐಸ್ ಕಥೆ ಹೇಳದೇ ಇದ್ದಿದ್ರೆ ಅವಳು ಬಾಯಿ ಬಿಡ್ತಿರ್ಲಿಲ್ಲ. ಫೆರಿಟಿನ್ ಮಾಡಿಸ್ಲಿಕ್ಕೆ ಹೇಳಿದ್ದೇನೆ.

ಕೊನೆಗೆ ಹಿರಿಯರೊಬ್ಬರು, ನಮ್ಮಲ್ಲಿ ಶಿಬಿರ ಶುರು ಮಾಡಿದವರಲ್ಲಿ ಒಬ್ಬರು, ಎದ್ದು ನಿಂತು ಸ್ವಲ್ಪ ಬೇಜಾರಲ್ಲೇ ಕೇಳಿದ್ರು, ಹೀಗೆಲ್ಲ ಹೇಳಿದ್ರೆ ಬರುವವರೂ ಬರೋದಿಲ್ಲ ಮಾರಾಯ, ನೀನು ಕೊಡ್ಲೇಬೇಡಿ ಅಂತೀಯಾ? ಇಲ್ಲ ಯಜಮಾನ್ರೆ. ವರ್ಷಕ್ಕೆ ಒಂದು ಎರಡು ಸಲ ಕೊಡುವ ಆರೋಗ್ಯವಂತ ಗಂಡಸಿಗೆ ಇದರಲ್ಲಿ ಹೆದರುವಂಥದ್ದು ಎಂತದೂ ಇಲ್ಲ, ಅವರು ಬರ್ಲಿ, ಜೊತೆಗೆ ಇನ್ನೊಬ್ಬರನ್ನ ಕರ್ಕೊಂಡು ಬರ್ಲಿ. ನಾನು ಹೇಳೋದು ಮೊದಲೇ ಜಾಸ್ತಿ ಕೊಟ್ಟವರಿಗೆ, ನನ್ನಂಥವರಿಗೆ. ನಾನೂ ಬಿಟ್ಟಿಲ್ಲ, ನಿಲ್ಲಿಸಿದ್ದೇನೆ. ಮೂರು ತಿಂಗಳಿಗೆ ಫೆರಿಟಿನ್ 24 ಆಯ್ತು, ಆರು ತಿಂಗಳಿಗೆ 41. ಐಸ್ ತಿನ್ನೋದು ಮಾತ್ರ ಮಾತ್ರೆ ಶುರು ಮಾಡಿ ಹತ್ತು ಹನ್ನೆರಡು ದಿನಕ್ಕೇ ನಿಂತಿತ್ತು, ಟ್ರೇಯಲ್ಲಿ ಐಸ್ ಹಾಗೇ ಉಳಿದಿದೆ ಅಂತ ಹೆಂಡತಿಯೇ ಗಮನಿಸಿದ್ದು. ಡಾಕ್ಟ್ರು ಇನ್ನೂ ಸ್ವಲ್ಪ ಸಮಯ ಬಿಡಿ, ಆಮೇಲೆ ವರ್ಷಕ್ಕೆ ಆರು ಪ್ಲೇಟ್ಲೆಟ್, ಇಡೀ ರಕ್ತ ಬೇಡ ಅಂದಿದ್ದಾರೆ. ಪರೇಲಿಂದ ಮೊನ್ನೆಯೂ ಫೋನ್ ಬಂತು, ಆಗೋದಿಲ್ಲ ಅನ್ಲಿಕ್ಕೆ ನಾಲಿಗೆ ತಡವರಿಸ್ತು, ಅಂದೆ, ಅಂದು ಬಿಟ್ಟು ಇಬ್ಬರು ಹುಡುಗರ ನಂಬರ್ ಕೊಟ್ಟೆ.

ಬಾಗಿಲ ಹತ್ತಿರ ಟೇಬಲಿನ ಮೇಲೆ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇವೆ. ಹೆಸರು, ಗ್ರೂಪ್, ಕೊನೇ ಸಲ ಕೊಟ್ಟ ತಾರೀಕು, ನಾಲ್ಕನೇ ಗೆರೆ ಫೆರಿಟಿನಿಗೆ. ಅವತ್ತು ಮೂವತ್ತೆಂಟು ಹೆಸರು ಬಂತು, ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಪ್ಲೇಟ್ಲೆಟ್ ಕೊಡದೇ ಇದ್ದವರು. ನಾಲ್ಕನೇ ಗೆರೆಯಲ್ಲಿ ಸದ್ಯಕ್ಕೆ ಒಂದೇ ನಂಬರ್ ಉಂಟು, ನನ್ನದು.